ಮಗು ಮಣ್ಣಲ್ಲಿ ಆಡಿದರೆ ತಪ್ಪೇನು?

'ಮಣ್ಣು ಮುಟ್ಟಬೇಡ, ಕ್ರಿಮಿ ಇರುತ್ತೆ!' ಮಕ್ಕಳಿರುವ ಯಾವ ಮನೆಯಲ್ಲಿ ಈ ಮಾತು ಕೇಳಿಸುವುದಿಲ್ಲ ಹೇಳಿ? ಅಂಗಳದಲ್ಲಿ ಕೂತು ಮಣ್ಣು ಕೆದಕುವ ಮಗುವನ್ನು ರಟ್ಟೆ ಹಿಡಿದು ಒಳಗೆ ತಂದು, ಸೋಪು ಹಾಕಿ ತಿಕ್ಕಿ ತೊಳೆದು, ಮೊಬೈಲು ಕೈಗಿತ್ತು ಕೂರಿಸಿದರೆ ತಾಯಿಗೆ ಸಮಾಧಾನ. ಮನೆಯಲ್ಲಿ ಅಜ್ಜಿ ಇದ್ದರೆ ಗೊಣಗುತ್ತಾರೆ: 'ನಿಮ್ಮನ್ನೆಲ್ಲ ಮಣ್ಣಲ್ಲೇ ಬಿಟ್ಟು ಬೆಳೆಸಿದೆವಲ್ಲ, ಏನಾಯ್ತು?'

ಇವರಿಬ್ಬರಲ್ಲಿ ಯಾರು ಸರಿ? ಮಣ್ಣು, ನೀರು, ಗಾಳಿ, ಗಿಡ, ಕೊಟ್ಟಿಗೆಯ ದೂಳು ಇವುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳ ಬಗ್ಗೆ ಜಗತ್ತಿನ ಅನೇಕ ಪ್ರಯೋಗಾಲಯಗಳಲ್ಲಿ ಈಗ ಭರದಿಂದ ಸಂಶೋಧನೆ ನಡೆಯುತ್ತಿದೆ. ಅದರಿಂದ ಹೊರಬಂದಿರುವ ಕೆಲವು ಸಂಗತಿಗಳು ಅಜ್ಜಿಯ ಪಕ್ಷ ವಹಿಸುತ್ತವೆ. ಹಾಗೆಂದು ತಾಯಿಯ ಭಯ ಸುಳ್ಳೂ ಅಲ್ಲ. ನಮ್ಮ ದೇಶದಲ್ಲಂತೂ ಸುಳ್ಳಲ್ಲ.

ಚಿಟಿಕೆ ಮಣ್ಣಿನ ಜನಗಣತಿ

ಮುಂಗಾರಿನ ಮೊದಲ ಮಳೆ ಬಿದ್ದಾಗ ನೆಲದಿಂದ ಏಳುವ ಘಮಲು ನಮಗೆಲ್ಲ ಪ್ರಿಯ. ಅದನ್ನು ನಾವು ಮಣ್ಣಿನ ವಾಸನೆ ಎನ್ನುತ್ತೇವೆ. ಆದರೆ ಅದರಲ್ಲಿ ಮುಖ್ಯ ಪಾಲು ಜಿಯೋಸ್ಮಿನ್ ಎಂಬ ರಾಸಾಯನಿಕದ್ದು. ಅದನ್ನು ತಯಾರಿಸುವುದು ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾಗಳ ಬಳಗ. ಹೆಸರು ಎಲ್ಲೋ ಕೇಳಿದಂತಿದೆ ಅಲ್ಲವೆ? 1943ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಆಲ್ಬರ್ಟ್ ಶಾಟ್ಜ್ ಮತ್ತು ಸೆಲ್ಮನ್ ವಾಕ್ಸ್‌ಮನ್ ಇದೇ ಬಳಗದ ಒಂದು ಬ್ಯಾಕ್ಟೀರಿಯಾದಿಂದ ಸ್ಟ್ರೆಪ್ಟೊಮೈಸಿನ್ ಬೇರ್ಪಡಿಸಿದರು. ಕ್ಷಯರೋಗಕ್ಕೆ ಸಿಕ್ಕ ಮೊದಲ ಪರಿಣಾಮಕಾರಿ ಆ್ಯಂಟಿಬಯಾಟಿಕ್ ಅದು. ನಾವು ಇಂದು ನುಂಗುವ ಆ್ಯಂಟಿಬಯಾಟಿಕ್‌ಗಳಲ್ಲಿ ಅನೇಕವು ಹೀಗೆ ಮಣ್ಣಿನ ಕ್ರಿಮಿಗಳಿಂದಲೇ ಬಂದಂಥವು.

ಒಂದು ಚಮಚ ಒಳ್ಳೆಯ ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾಗಳನ್ನು ಎಣಿಸಲು ಕೋಟಿಗಳ ಲೆಕ್ಕವೇ ಬೇಕು. ಅವುಗಳ ಜಾತಿಗಳೇ ಸಾವಿರಾರು. ಬಹುಕಾಲ ಇವುಗಳ ಬಗ್ಗೆ ನಮಗೆ ತಿಳಿದದ್ದು ಅತ್ಯಲ್ಪ. ಗಾಜಿನ ತಟ್ಟೆಯಲ್ಲಿ ಆಹಾರವಿಟ್ಟು ಬೆಳೆಸಿ ನೋಡುವುದೊಂದೇ ದಾರಿಯಾಗಿತ್ತು. ಆದರೆ ಮಣ್ಣಿನ ಬ್ಯಾಕ್ಟೀರಿಯಾಗಳಲ್ಲಿ ನೂರಕ್ಕೆ ಒಂದು ಕೂಡ ಆ ತಟ್ಟೆಯಲ್ಲಿ ಬೆಳೆಯಲು ಒಪ್ಪುತ್ತಿರಲಿಲ್ಲ. ಈಗ ಬೆಳೆಸುವ ಗೊಡವೆಯೇ ಬೇಕಿಲ್ಲ. ಮಣ್ಣಿನಲ್ಲಿರುವ ಡಿ.ಎನ್.ಎ.ಯನ್ನು ನೇರವಾಗಿ ತೆಗೆದು ಓದಿದರೆ ಯಾರ್ಯಾರು ಇದ್ದಾರೆ ಎಂಬ ಪಟ್ಟಿ ಸಿಗುತ್ತದೆ. ಒಂದು ಜಾಗದಲ್ಲಿ ಕೂಡಿ ಬಾಳುವ ಈ ಇಡೀ ಸಮುದಾಯವನ್ನು ವಿಜ್ಞಾನಿಗಳು 'ಮೈಕ್ರೋಬಯೋಮ್' ಎಂದು ಕರೆಯುತ್ತಾರೆ.

2010ರಲ್ಲಿ 'ಅರ್ಥ್ ಮೈಕ್ರೋಬಯೋಮ್ ಪ್ರಾಜೆಕ್ಟ್' ಎಂಬ ಅಂತಾರಾಷ್ಟ್ರೀಯ ಯೋಜನೆ ಆರಂಭವಾಯಿತು. ಮಣ್ಣು, ಸಮುದ್ರ, ಪ್ರಾಣಿಗಳ ಮೈ ಹೀಗೆ ಎಲ್ಲೆಡೆಯಿಂದ ತಂದ 27,751 ಮಾದರಿಗಳ ಮೊದಲ ದೊಡ್ಡ ವರದಿ 2017ರಲ್ಲಿ ಹೊರಬಂತು. ಇನ್ನೊಂದು ತಂಡ ರೈಲು ನಿಲ್ದಾಣಗಳ ಕಂಬಿ, ಬೆಂಚು, ಟಿಕೆಟ್ ಯಂತ್ರಗಳನ್ನೂ ಬಿಡಲಿಲ್ಲ. 60 ನಗರಗಳಿಂದ ಒರೆಸಿ ತಂದ 4,728 ಮಾದರಿಗಳ ಲೆಕ್ಕವನ್ನು 2021ರಲ್ಲಿ ಪ್ರಕಟಿಸಿತು. ಹಿಂದೆ ಸೂಕ್ಷ್ಮಜೀವಿ ತಜ್ಞರೆಂದರೆ ರೋಗಾಣುವಿನ ಬೆನ್ನು ಹತ್ತಿದವರು. ಈಗ ಅವರಲ್ಲಿ ಬಹಳ ಮಂದಿ ಯಾರಿಗೂ ಕೇಡು ಮಾಡದ ಕ್ರಿಮಿಗಳ ಜನಗಣತಿಗೆ ಹೊರಟಿದ್ದಾರೆ. ಇದರಿಂದ ನಮಗೇನು ಲಾಭ ಎಂದು ಕೇಳುವ ಹಕ್ಕು ಓದುಗರಿಗಿದೆ. ಉತ್ತರ ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಸೀನುವ ಮಕ್ಕಳು, ಸೀನದ ಮಕ್ಕಳು

1989ರಲ್ಲಿ ಡೇವಿಡ್ ಸ್ಟ್ರಾಕನ್ ಎಂಬ ಬ್ರಿಟಿಷ್ ತಜ್ಞರು ಒಂದು ಪುಟ್ಟ ಲೇಖನ ಬರೆದರು. 1958ರ ಮಾರ್ಚ್ ತಿಂಗಳ ಒಂದೇ ವಾರದಲ್ಲಿ ಹುಟ್ಟಿದ 17,414 ಮಕ್ಕಳನ್ನು 23 ವರ್ಷ ತುಂಬುವವರೆಗೆ ಗಮನಿಸಿದ ದಾಖಲೆಗಳು ಅವರ ಮುಂದಿದ್ದವು. ಹೂವಿನ ಪರಾಗ ಒಗ್ಗದೆ ಸೀನು, ಮೂಗು ಸೋರುವಿಕೆ, ಕಣ್ಣುರಿ ಬರುವ ತೊಂದರೆ ಯಾರಲ್ಲಿ ಕಡಿಮೆ ಎಂದು ನೋಡಿದರೆ, ಮನೆಯಲ್ಲಿ ಅಣ್ಣ ಅಕ್ಕಂದಿರು ಹೆಚ್ಚಿದ್ದವರಲ್ಲಿ! ದೊಡ್ಡ ಮಕ್ಕಳು ಹೊತ್ತುತರುವ ಸೋಂಕು ಚಿಕ್ಕವರನ್ನು ಅಲರ್ಜಿಯಿಂದ ಕಾಯುತ್ತಿರಬಹುದೆಂದು ಅವರು ಊಹಿಸಿದರು.

ಅದೇ ಹೊತ್ತಿಗೆ ಬರ್ಲಿನ್ ಗೋಡೆ ಬಿತ್ತು. 1990ರಲ್ಲಿ ಎರಡು ಜರ್ಮನಿಗಳು ಒಂದಾದವು. ಮ್ಯೂನಿಕ್‌ನ ಮಕ್ಕಳ ವೈದ್ಯೆ ಎರಿಕಾ ಫಾನ್ ಮ್ಯೂಟಿಯಸ್ ಎರಡೂ ಕಡೆಯ ಮಕ್ಕಳನ್ನು ಹೋಲಿಸಲು ಹೊರಟರು. ಕಲ್ಲಿದ್ದಲ ಹೊಗೆ ಕವಿದ ಪೂರ್ವದ ಲೀಪ್‌ಜಿಗ್‌ನಲ್ಲಿ ಅಸ್ತಮಾ ಹೆಚ್ಚಿರುತ್ತದೆ ಎಂಬುದು ಎಲ್ಲರ ನಿರೀಕ್ಷೆ. ಕಂಡದ್ದು ತಿರುಗುಮುರುಗು. ಕೆಮ್ಮು, ಶ್ವಾಸನಾಳದ ಊತ ಪೂರ್ವದಲ್ಲಿ ಹೆಚ್ಚಿದ್ದರೂ ಅಸ್ತಮಾ ಮತ್ತು ಅಲರ್ಜಿ ಹೆಚ್ಚಿದ್ದುದು ಶ್ರೀಮಂತ, ಸ್ವಚ್ಛ ಮ್ಯೂನಿಕ್‌ನಲ್ಲಿ. ಮುಂದೆ ಅವರು ಮತ್ತು ಅವರ ಜೊತೆಗಾರರು ಆಲ್ಪ್ಸ್ ತಪ್ಪಲಿನ ಹಳ್ಳಿಗಳಿಗೆ ಹೋದರು. ಅಲ್ಲಿ ಹುಟ್ಟಿದ ಮೊದಲ ವರ್ಷದಲ್ಲೇ ಕೊಟ್ಟಿಗೆಯ ಒಡನಾಟ ಪಡೆದ ರೈತರ ಮಕ್ಕಳಲ್ಲಿ ಅಸ್ತಮಾ ತೀರ ವಿರಳವಾಗಿತ್ತು. ಅದೇ ಊರಿನಲ್ಲಿದ್ದೂ ದನ ಸಾಕದವರ ಮನೆಯ ಮಕ್ಕಳಿಗೆ ಈ ಭಾಗ್ಯವಿರಲಿಲ್ಲ. 2011ರಲ್ಲಿ ಹಾಸಿಗೆಯ ಹಾಗೂ ಕೋಣೆಯ ದೂಳನ್ನು ಪರೀಕ್ಷಿಸಿದಾಗ, ದೂಳಿನಲ್ಲಿ ಎಷ್ಟು ಬಗೆಯ ಸೂಕ್ಷ್ಮಜೀವಿಗಳಿವೆಯೋ ಅಸ್ತಮಾ ಅಷ್ಟು ಕಡಿಮೆ ಎಂದು ತಿಳಿದುಬಂತು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತೊಡೆಯಬೇಕು. 'ಹಾಗಾದರೆ ಮಕ್ಕಳಿಗೆ ಕಾಯಿಲೆ ಬಂದು ಹೋದರೆ ಒಳ್ಳೆಯದು' ಎಂದು ಕೆಲವರು ಅರ್ಥ ಮಾಡಿಕೊಂಡರು. ದಡಾರ ಬಂದರೆ ಅಲರ್ಜಿ ತಪ್ಪುತ್ತದೆ ಎಂಬುದಕ್ಕೆ ಆಧಾರವಿಲ್ಲ. ಎಳೆವಯಸ್ಸಿನಲ್ಲಿ ಎದೆಗೆ ಬರುವ ಕೆಲವು ವೈರಸ್ ಸೋಂಕುಗಳಂತೂ ಅಸ್ತಮಾದ ಸಾಧ್ಯತೆಯನ್ನು ಹೆಚ್ಚಿಸುತ್ತವೆ. ಲಂಡನ್ನಿನ ಗ್ರಹಾಂ ರೂಕ್ 2003ರಲ್ಲಿ ಇದನ್ನು ಸರಿಪಡಿಸಿ, ನಮಗೆ ಬೇಕಿರುವುದು ರೋಗಾಣುಗಳಲ್ಲ, ಮನುಷ್ಯಕುಲದ ಜೊತೆ ಲಕ್ಷಾಂತರ ವರ್ಷ ಬಾಳಿಬಂದ 'ಹಳೆಯ ಗೆಳೆಯರು' ಎಂದರು. ಲಸಿಕೆ ತಪ್ಪಿಸಲು ಈ ಸಂಶೋಧನೆ ಯಾರಿಗೂ ನೆಪವಾಗಬಾರದು.

ಎರಡು ಪಂಗಡ, ಎರಡು ಬಗೆಯ ದೂಳು

ಈ ವಿಷಯದಲ್ಲಿ ನನಗೆ ಬಹಳ ಹಿಡಿಸಿದ ಅಧ್ಯಯನ 2016ರದು. ಅಮೆರಿಕದಲ್ಲಿ ಆಮಿಷ್ ಮತ್ತು ಹಟರೈಟ್ ಎಂಬ ಎರಡು ಕ್ರೈಸ್ತ ಪಂಗಡಗಳಿವೆ. ಎರಡೂ ಯೂರೋಪಿನಿಂದ ವಲಸೆ ಬಂದವು, ವಂಶವಾಹಿಗಳಲ್ಲಿ ಹತ್ತಿರದವು. ಎರಡೂ ಕಡೆ ತುಂಬಿದ ಸಂಸಾರ. ತಾಯಂದಿರು ಮಕ್ಕಳಿಗೆ ಎದೆಹಾಲು ಕೊಡುತ್ತಾರೆ. ಮನೆಯೊಳಗೆ ಬೆಕ್ಕು ನಾಯಿ ಸಾಕುವುದಿಲ್ಲ. ಊಟವೂ ಹೆಚ್ಚು ಕಡಿಮೆ ಒಂದೇ. ಇಬ್ಬರೂ ಬೇಸಾಯಗಾರರೇ. ಆದರೆ ಬೇಸಾಯದ ರೀತಿ ಬೇರೆ. ಆಮಿಷರು ಒಂದೊಂದು ಸಂಸಾರಕ್ಕೆ ಒಂದೊಂದು ಹೈನು, ಉಳಲು ಕುದುರೆ, ಓಡಾಡಲು ಕುದುರೆಗಾಡಿ ಎಂದು ಹಳೆಯ ಕ್ರಮ ಬಿಟ್ಟಿಲ್ಲ. ಕೊಟ್ಟಿಗೆ ಮನೆಗೆ ಹೊಂದಿಕೊಂಡೇ ಇರುತ್ತದೆ; ಮಕ್ಕಳ ಆಟ ಅಲ್ಲೇ. ಹಟರೈಟರದು ಎಲ್ಲರೂ ಕೂಡಿ ನಡೆಸುವ ಯಂತ್ರಮಯ ದೊಡ್ಡ ಫಾರಂ. ಮಕ್ಕಳ ಓಡಾಟವೆಲ್ಲ ಅದರಿಂದ ದೂರ.

ಆಮಿಷ್ ಮಕ್ಕಳಲ್ಲಿ ಅಸ್ತಮಾ ನೂರಕ್ಕೆ ಸುಮಾರು 5. ಹಟರೈಟ್ ಮಕ್ಕಳಲ್ಲಿ ಸುಮಾರು 21. ನಾಲ್ಕು ಪಟ್ಟು! ತಜ್ಞರು ಎರಡೂ ಪಂಗಡಗಳಿಂದ 30-30 ಮಕ್ಕಳನ್ನು ಆರಿಸಿ ರಕ್ತ ಪರೀಕ್ಷಿಸಿದರು. ಮನೆಗಳ ದೂಳನ್ನು ಸಂಗ್ರಹಿಸಿದರು. ಬ್ಯಾಕ್ಟೀರಿಯಾಗಳ ಮೈಹೊದಿಕೆಯ ಭಾಗವಾದ ಎಂಡೋಟಾಕ್ಸಿನ್ ಎಂಬ ವಸ್ತು ಆಮಿಷ್ ಮನೆಗಳ ದೂಳಿನಲ್ಲಿ 6.8 ಪಟ್ಟು ಹೆಚ್ಚಿತ್ತು. ಅಲ್ಲಿಗೇ ನಿಲ್ಲದೆ, ಆ ದೂಳಿನ ಸಾರವನ್ನು ಇಲಿಗಳ ಮೂಗಿಗೆ ಹಾಕಿ, ಅವುಗಳಿಗೆ ಅಸ್ತಮಾದಂಥ ಸ್ಥಿತಿ ಬರಿಸಲು ಯತ್ನಿಸಿದರು. ಆಮಿಷ್ ದೂಳು ಪಡೆದ ಇಲಿಗಳು ಬಚಾವಾದವು. ಹಟರೈಟ್ ದೂಳು ಪಡೆದವಕ್ಕೆ ಆ ರಕ್ಷಣೆ ಸಿಗಲಿಲ್ಲ. ಮನೆ ಗುಡಿಸಿ ಹೊರಗೆ ಎಸೆಯುವ ಕಸದಲ್ಲಿ ಔಷಧಿಯ ಗುಣ ಹುಡುಕಿದ ಇವರ ತಾಳ್ಮೆಗೆ ಭೇಷ್ ಎನ್ನಬೇಕು.

ಇದು ಹೇಗೆ ಕೆಲಸ ಮಾಡುತ್ತದೆ? ನಮ್ಮ ರೋಗನಿರೋಧಕ ವ್ಯವಸ್ಥೆಯನ್ನು ಮನೆ ಕಾಯುವ ನಾಯಿಯೆಂದು ತಿಳಿಯಿರಿ. ಮರಿಯಿದ್ದಾಗಿನಿಂದ ಬೀದಿಯಲ್ಲಿ ಹತ್ತು ಜನರನ್ನು ಕಂಡು ಬೆಳೆದ ನಾಯಿ ಹಾಲಿನವನಿಗೂ ಪೇಪರ್ ಹುಡುಗನಿಗೂ ಬೊಗಳುವುದಿಲ್ಲ. ಕಳ್ಳ ಬಂದಾಗಷ್ಟೆ ಬೊಗಳುತ್ತದೆ. ಕೋಣೆಯಲ್ಲಿ ಕೂಡಿಹಾಕಿ ಬೆಳೆಸಿದ ನಾಯಿ ಎಲೆ ಅಲ್ಲಾಡಿದರೂ ಮೈಮೇಲೆ ಬೀಳುತ್ತದೆ. ಪರಾಗ, ದೂಳು, ಕಡಲೆಕಾಯಿಯಂಥ ನಿರುಪದ್ರವಿ ವಸ್ತುಗಳ ಮೇಲೆ ದೇಹ ಹೀಗೆ ವೃಥಾ ಯುದ್ಧಕ್ಕಿಳಿಯುವುದೇ ಅಲರ್ಜಿ. ರಕ್ತದಲ್ಲಿ 'ಸಾಕು, ಸುಮ್ಮನಿರು' ಎಂದು ಹೇಳುವ ನಿಯಂತ್ರಕ ಟಿ-ಜೀವಕೋಶಗಳಿವೆ. ಎಳವೆಯಲ್ಲಿ ಬಗೆಬಗೆಯ ಸೂಕ್ಷ್ಮಜೀವಿಗಳ ಸಂಪರ್ಕದಿಂದ ಇವು ಪಳಗುತ್ತವೆ ಎಂಬುದು ಇಂದಿನ ತಿಳಿವಳಿಕೆ.

ಗಡಿಯ ಆಚೆ ಈಚೆ

ಫಿನ್‌ಲ್ಯಾಂಡಿನಲ್ಲಿ ಈ ಪ್ರಶ್ನೆ ಬರಿಯ ಕುತೂಹಲದ್ದಲ್ಲ. ಮಕ್ಕಳಿಗೆ ಬರುವ, ಇನ್ಸುಲಿನ್ ಇಲ್ಲದೆ ಬದುಕಲಾಗದ ಒಂದನೆಯ ಬಗೆಯ ಸಕ್ಕರೆ ಕಾಯಿಲೆ ಜಗತ್ತಿನಲ್ಲೇ ಅತಿ ಹೆಚ್ಚಿರುವ ದೇಶಗಳಲ್ಲಿ ಅದೂ ಒಂದು. ಇದೂ ದೇಹವು ತನ್ನದೇ ಜೀವಕೋಶಗಳ ಮೇಲೆ ಎರಗುವ ಕಾಯಿಲೆ. ಆ ದೇಶದ ಪೂರ್ವಕ್ಕೆ ಕರೇಲಿಯಾ ಎಂಬ ಸೀಮೆಯಿದೆ. ಎರಡನೇ ಮಹಾಯುದ್ಧದಲ್ಲಿ ಅದರ ಒಂದು ಭಾಗ ಸೋವಿಯತ್ ಒಕ್ಕೂಟಕ್ಕೆ ಹೋಯಿತು. ಗಡಿಯ ಎರಡೂ ಕಡೆ ಒಂದೇ ಹವೆ, ಒಂದೇ ಕಾಡು. ಜನರ ರಕ್ತಸಂಬಂಧವೂ ತಕ್ಕಮಟ್ಟಿಗೆ ಒಂದೇ. ಆದರೆ ಈ ಸಕ್ಕರೆ ಕಾಯಿಲೆ ರಷ್ಯದ ಕಡೆಗಿಂತ ಫಿನ್‌ಲ್ಯಾಂಡಿನಲ್ಲಿ ಸುಮಾರು ಆರು ಪಟ್ಟು ಹೆಚ್ಚು! ಅಲರ್ಜಿಯದೂ ಇದೇ ಕಥೆ. ರಷ್ಯದ ಕಡೆಯವರು ಬಡವರು. ಹಿತ್ತಲಲ್ಲಿ ಆಲೂಗಡ್ಡೆ ಬೆಳೆದುಕೊಂಡು, ದನ ಸಾಕಿಕೊಂಡು ಇರುವವರು.

ಹೆಲ್ಸಿಂಕಿಯ ಅಲರ್ಜಿ ತಜ್ಞ ತಾರಿ ಹಾಹ್ತೆಲಾ ಮತ್ತು ಚಿಟ್ಟೆಗಳ ಅಧ್ಯಯನಕ್ಕೆ ಹೆಸರಾಗಿದ್ದ ಇಲ್ಕ್ಕಾ ಹನ್ಸ್‌ಕಿ ಕೈಜೋಡಿಸಿದರು. ವೈದ್ಯರೂ ಚಿಟ್ಟೆ ತಜ್ಞರೂ ಒಂದೇ ಮೇಜಿನ ಮುಂದೆ ಕೂರುವುದು ನಮ್ಮಲ್ಲಿ ಇನ್ನೂ ಅಪರೂಪ. ಪೂರ್ವ ಫಿನ್‌ಲ್ಯಾಂಡಿನ 118 ಹದಿಹರೆಯದವರನ್ನು ಪರೀಕ್ಷಿಸಿ 2012ರಲ್ಲಿ ಇವರು ಹೇಳಿದ್ದು: ಮನೆಯ ಸುತ್ತ ಗಿಡಗಂಟಿಗಳ ವೈವಿಧ್ಯವಿದ್ದವರ ಚರ್ಮದ ಮೇಲೆ ಕೆಲವು ಗುಂಪಿನ ಬ್ಯಾಕ್ಟೀರಿಯಾಗಳ ವೈವಿಧ್ಯವೂ ಹೆಚ್ಚು, ಅಂಥವರಲ್ಲಿ ಅಲರ್ಜಿಯ ಒಲವು ಕಡಿಮೆ.

ಇವೆಲ್ಲ ಹೋಲಿಕೆಗಳೇ ಆದವು. ಹಳ್ಳಿಯವರಿಗೂ ಪಟ್ಟಣದವರಿಗೂ ವ್ಯತ್ಯಾಸ ನೂರಾರು; ಮಣ್ಣೇ ಕಾರಣವೆಂದು ಹೇಗೆ ಹೇಳುವುದು? ಇದಕ್ಕಾಗಿ ಫಿನ್‌ಲ್ಯಾಂಡಿನವರು ನಗರದ ಶಿಶುವಿಹಾರಗಳಿಗೇ ಕಾಡನ್ನು ತಂದರು! ಜಲ್ಲಿ ಹಾಸಿದ ಆಟದ ಅಂಗಳದಲ್ಲಿ ಕಾಡಿನ ನೆಲವನ್ನು ಪದರವಾಗಿ ಎಬ್ಬಿಸಿ ತಂದು, ಸಣ್ಣ ಪೊದೆ, ಪಾಚಿ ಸಮೇತ ಹಾಸಿದರು; ಹುಲ್ಲು ಹೊದಿಸಿದರು; ಮಕ್ಕಳ ಕೈಯಲ್ಲೇ ಗಿಡ ನೆಡಿಸಿದರು. ಹೋಲಿಕೆಗೆ ಬರಿಯ ಜಲ್ಲಿ ಅಂಗಳದ ಶಿಶುವಿಹಾರಗಳನ್ನೂ, ದಿನವೂ ಮಕ್ಕಳನ್ನು ಕಾಡಿಗೆ ಕರೆದೊಯ್ಯುವ ಶಿಶುವಿಹಾರಗಳನ್ನೂ ಇಟ್ಟುಕೊಂಡರು. ಒಟ್ಟು 75 ಮಕ್ಕಳು, ವಯಸ್ಸು 3ರಿಂದ 5. ಕೇವಲ 28 ದಿನಗಳಲ್ಲಿ ಹೊಸ ಅಂಗಳದಲ್ಲಿ ಆಡಿದ ಮಕ್ಕಳ ಚರ್ಮದ ಮೇಲೆ ಬ್ಯಾಕ್ಟೀರಿಯಾಗಳ ವೈವಿಧ್ಯ ಹೆಚ್ಚಿತು. ರಕ್ತದಲ್ಲಿ ಉರಿಯೂತವನ್ನು ತಣಿಸುವ ಅಂಶಗಳು ಹೆಚ್ಚುವ ಸೂಚನೆ ಕಂಡಿತು. ಇದು 2020ರ ವರದಿ. 2022ರಲ್ಲಿ ಮತ್ತೊಂದು ಪ್ರಯೋಗ: ಕೆಲವು ಶಿಶುವಿಹಾರಗಳ ಮರಳಿಗೆ ಸೂಕ್ಷ್ಮಜೀವಿಭರಿತ ಮಣ್ಣು ಬೆರೆಸಿದರು, ಇನ್ನು ಕೆಲವಕ್ಕೆ ನೋಡಲು ಅದರಂತೆಯೇ ಇರುವ ಬೇರೆ ಪುಡಿ. ಯಾವುದು ಯಾವುದೆಂದು ಮಕ್ಕಳಿಗೂ ತಿಳಿಯದು, ಹೆತ್ತವರಿಗೂ ತಿಳಿಯದು. ಎರಡು ವಾರದ ಆಟದ ಬಳಿಕ ಇಲ್ಲಿಯೂ ನಿಜವಾದ ಮಣ್ಣು ಸಿಕ್ಕವರ ರಕ್ತದಲ್ಲಿ ಅಂಥದೇ ಬದಲಾವಣೆ.

ಸಂತೋಷಪಡುವ ಮೊದಲು ಒಂದು ಮಾತು. ಇಲ್ಲಿ ಬದಲಾದದ್ದು ರಕ್ತ ಪರೀಕ್ಷೆಯ ಅಂಕಿಗಳು. ಆ ಮಕ್ಕಳಿಗೆ ಮುಂದೆ ಅಸ್ತಮಾ ಬರುವುದಿಲ್ಲ ಎಂದು ಈ ಪ್ರಯೋಗಗಳು ತೋರಿಸಿಲ್ಲ. ಭಾಗವಹಿಸಿದ ಮಕ್ಕಳೂ ಬೆರಳೆಣಿಕೆಯಷ್ಟೆ.

ನಮ್ಮ ಮಣ್ಣು, ನಮ್ಮ ಚರಂಡಿ

ಇನ್ನು ನಮ್ಮ ಕಡೆಗೆ ಬರೋಣ. ಬೆಂಗಳೂರಿನಲ್ಲಿ ಡಾ. ಎಚ್. ಪರಮೇಶ್ ಐದೈದು ವರ್ಷಗಳಿಗೊಮ್ಮೆ ಆಸ್ಪತ್ರೆಯ ಮಟ್ಟದಲ್ಲಿ ನಡೆಸಿದ ಅಧ್ಯಯನಗಳಲ್ಲಿ, 18 ವರ್ಷದೊಳಗಿನವರಲ್ಲಿ ಅಸ್ತಮಾ 1979ರಲ್ಲಿ ನೂರಕ್ಕೆ 9 ಇದ್ದದ್ದು 1999ರ ವೇಳೆಗೆ 29.5ಕ್ಕೆ ಏರಿತ್ತು. ಇದಕ್ಕೆ ಅವರು ಮುಖ್ಯವಾಗಿ ಬೊಟ್ಟು ಮಾಡಿದ್ದು ವಾಹನಗಳ ಹೊಗೆ, ನಗರೀಕರಣ, ಮನೆಯವರ ಬೀಡಿ ಸಿಗರೇಟಿನ ಕಡೆಗೆ. ಅದು ನಿಜ. ಅಂಗಳ ಮಾಯವಾದದ್ದೂ ಇದೇ ಇಪ್ಪತ್ತು ವರ್ಷಗಳಲ್ಲಿ ಎಂಬುದು ನನ್ನ ಟಿಪ್ಪಣಿ. ಅದರ ಪಾಲೆಷ್ಟು ಎಂದು ಹೇಳಲು ಯಾರೂ ಅಳೆದು ನೋಡಿಲ್ಲ ಎನ್ನುವವರ ಜೊತೆ ನಾನು ಜಗಳಕ್ಕಿಳಿಯುವುದಿಲ್ಲ.

ಆದರೆ ಫಿನ್‌ಲ್ಯಾಂಡಿನ ಕಾಡಿನ ನೆಲಕ್ಕೂ ನಮ್ಮ ಓಣಿಯ ನೆಲಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ: ನಮ್ಮ ಮಣ್ಣಿಗೆ ಚರಂಡಿ ಸೇರುತ್ತದೆ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದೆಹಲಿಯ ಬೀದಿಗಳಲ್ಲಿ ನಿಂತ ನೀರಿನ 171 ಮಾದರಿಗಳಲ್ಲಿ 51ರಲ್ಲಿ, ನಲ್ಲಿಯ ನೀರಿನ 50 ಮಾದರಿಗಳಲ್ಲಿ 2ರಲ್ಲಿ ಎನ್.ಡಿ.ಎಂ.-1 ಎಂಬ ವಂಶವಾಹಿ ಸಿಕ್ಕಿತು. ಇದನ್ನು ಹೊತ್ತ ಬ್ಯಾಕ್ಟೀರಿಯಾಗಳಿಗೆ ಕೊನೆಯ ಅಸ್ತ್ರವೆಂದು ಇಟ್ಟುಕೊಂಡ ಔಷಧಿಗಳೂ ನಾಟುವುದಿಲ್ಲ. 2019ರಲ್ಲಿ 60 ದೇಶಗಳ ನಗರಗಳ ಚರಂಡಿ ನೀರನ್ನು ಹೋಲಿಸಿದ ತಂಡವೊಂದು, ಔಷಧಿಗೆ ಬಗ್ಗದ ಇಂಥ ವಂಶವಾಹಿಗಳು ಒಳಚರಂಡಿ, ಶೌಚಾಲಯ, ಆರೋಗ್ಯ ವ್ಯವಸ್ಥೆ ಸರಿಯಿಲ್ಲದ ಕಡೆ ಹೆಚ್ಚೆಂದು ಕಂಡುಕೊಂಡಿತು. ಪರಿಸರದ ಸೂಕ್ಷ್ಮಜೀವಿಗಳ ಸಂಶೋಧನೆಯ ಇನ್ನೊಂದು ಮುಖ ಇದು. ಹೊಲದ ಮಣ್ಣಿನ ಬ್ಯಾಕ್ಟೀರಿಯಾ ಬೇರೆ, ಮಲ ಬೆರೆತ ಕೊಚ್ಚೆಯ ಬ್ಯಾಕ್ಟೀರಿಯಾ ಬೇರೆ. 'ಕೊಳಕು' ಎಂಬ ಒಂದೇ ಮಾತಿನಲ್ಲಿ ಎರಡನ್ನೂ ಕಟ್ಟಿಬಿಡುವುದೇ ಅಜ್ಜಿ-ತಾಯಿಯರ ಜಗಳದ ಮೂಲ.

ಶುದ್ಧ ಹೊಲದ ಮಣ್ಣಿನಲ್ಲೂ ಎಲ್ಲರೂ ಗೆಳೆಯರಲ್ಲ. ಧನುರ್ವಾಯುವಿನ ರೋಗಾಣು ಮಣ್ಣಿನಲ್ಲೇ ಇರುತ್ತದೆ. ಮಲ ಬೆರೆತ ಮಣ್ಣಿನಲ್ಲಿ ಬರಿಗಾಲಲ್ಲಿ ನಡೆದರೆ ಕೊಕ್ಕೆಹುಳು ಪಾದದಿಂದಲೇ ಒಳಸೇರಿ ರಕ್ತ ಹೀರುತ್ತದೆ. ಕರಾವಳಿಯಲ್ಲಿ ಮಳೆಗಾಲದ ಗದ್ದೆ ಕೆಲಸದ ಹೊತ್ತಿಗೆ ಇಲಿಜ್ವರದ ಕಾಟ. ಅಲ್ಲಿಯ ಕೆಸರು, ನೀರಿನಿಂದ ಬರುವ ಮೆಲಿಯಾಯ್ಡೋಸಿಸ್ ಎಂಬ ಅಪಾಯಕಾರಿ ಸೋಂಕಿನ ಬಗ್ಗೆ ಮಣಿಪಾಲದ ವೈದ್ಯರು ಅನೇಕ ವರ್ಷಗಳಿಂದ ವರದಿ ಮಾಡುತ್ತ ಬಂದಿದ್ದಾರೆ. ಅದು ಹೆಚ್ಚಾಗಿ ಹಿಡಿಯುವುದು ಸಕ್ಕರೆ ಕಾಯಿಲೆಯವರನ್ನು. ಆದ್ದರಿಂದ ಸಕ್ಕರೆ ಕಾಯಿಲೆ ಇರುವ ಹಿರಿಯರು ಮಳೆಗಾಲದಲ್ಲಿ ಕಾಲಿಗೆ ಗಾಯವಿಟ್ಟುಕೊಂಡು ಬರಿಗಾಲಲ್ಲಿ ಗದ್ದೆಗಿಳಿಯಬಾರದು. ಮಣ್ಣಿನ ಮಹಿಮೆ ಓದಿ ಅವರು ಉತ್ಸಾಹಪಡುವುದು ಬೇಡ.

ಕೆಲವು ಸಂದೇಹಗಳು

ಹಾಗಾದರೆ ಮಗುವನ್ನು ಆಡಲು ಬಿಡಬೇಕೆ? ಖಂಡಿತ ಬಿಡಿ. ತೋಟ, ಹೂಗಿಡದ ಪಾತಿ, ಹೊಲದ ಬದು, ಮರಗಿಡವಿರುವ ಪಾರ್ಕು ಎಲ್ಲವೂ ಒಳ್ಳೆಯ ಜಾಗಗಳೇ. ಚರಂಡಿ ಪಕ್ಕ, ಕಸದ ರಾಶಿ, ನಾಯಿ ಬೆಕ್ಕು ಹೊಲಸು ಮಾಡುವ ಮರಳುಗುಡ್ಡೆ, ಕೀಟನಾಶಕ ಹೊಡೆದ ಹೊಲ ಬೇಡ. ಧನುರ್ವಾಯು ಲಸಿಕೆ ಕಾಲಕಾಲಕ್ಕೆ ಆಗಿರಲಿ. ಅಪಾರ್ಟ್‌ಮೆಂಟಿನಲ್ಲಿರುವವರು ಬಾಲ್ಕನಿಯಲ್ಲಿ ನಾಲ್ಕು ಕುಂಡವಿಟ್ಟು ಕೊತ್ತಂಬರಿ, ಮೆಂತ್ಯ ಬಿತ್ತಿಸಿ. ಮಣ್ಣು ಕಲಸುವ ಕೆಲಸ ಮಗುವಿನದೇ ಆಗಲಿ.

ಕೈ ತೊಳೆಸುವುದನ್ನು ಬಿಡಬಹುದೆ? ಬಿಡಬಾರದು. ಊಟಕ್ಕೆ ಮುಂಚೆ, ಶೌಚದ ನಂತರ ಸೋಪಿನಿಂದ ಕೈ ತೊಳೆದರೆ ಭೇದಿಯಂಥ ಎಷ್ಟೋ ಕಾಯಿಲೆ ತಪ್ಪುತ್ತದೆ. ಆದರೆ ಸಾಧಾರಣ ಸೋಪು ಸಾಕು. 'ಕ್ರಿಮಿ ಕೊಲ್ಲುವ' ಸೋಪುಗಳು ಇದಕ್ಕಿಂತ ಮೇಲೆಂದು ತಯಾರಕರು ತೋರಿಸಿಕೊಡಲಿಲ್ಲವೆಂಬ ಕಾರಣಕ್ಕೆ ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2016ರಲ್ಲಿ ಟ್ರೈಕ್ಲೋಸಾನ್ ಸೇರಿ 19 ರಾಸಾಯನಿಕಗಳನ್ನು ಅಂಥ ಸೋಪುಗಳಿಂದ ಹೊರಗಟ್ಟಿತು.

ಹಸುವಿನ ಕೊಟ್ಟಿಗೆ ಒಳ್ಳೆಯದೆಂದರೆ ಕಾಯಿಸದ ಹಾಲೂ ಒಳ್ಳೆಯದೆ? ಯೂರೋಪಿನ ಅಧ್ಯಯನಗಳಲ್ಲಿ ಹಸಿಹಾಲಿನ ಮಾತು ಬರುವುದು ನಿಜ. ಆದರೂ ಕುಡಿಸಬೇಡಿ. ಬ್ರುಸೆಲ್ಲಾ ಜ್ವರ, ಕ್ಷಯ ಅದರಿಂದ ಬರುತ್ತವೆ.

ಮನೆಯೊಳಗೆ ಚಪ್ಪಲಿ? ಹೊರಗಿನ ಮಣ್ಣಿನ ಬ್ಯಾಕ್ಟೀರಿಯಾಗಳು ಒಳಗಿನ ದೂಳಿಗೆ ಸೇರಿದ ಮನೆಗಳಲ್ಲಿ, ಅವು ರೈತರ ಮನೆಗಳಲ್ಲದಿದ್ದರೂ, ಮಕ್ಕಳಿಗೆ ಅಸ್ತಮಾ ಕಡಿಮೆಯೆಂದು ಫಿನ್‌ಲ್ಯಾಂಡ್ ಮತ್ತು ಜರ್ಮನಿಯಲ್ಲಿ ನಡೆದ 2019ರ ಅಧ್ಯಯನ ಹೇಳುತ್ತದೆ. ಆದರೆ ನಮ್ಮ ಬೀದಿಗಳನ್ನು ಬಲ್ಲವರು ಚಪ್ಪಲಿಯನ್ನು ಹೊಸಿಲ ಹೊರಗೇ ಬಿಡುವುದು ಲೇಸು.

ಕೊನೆಯದಾಗಿ, ಈಗಾಗಲೇ ಅಸ್ತಮಾ ಇರುವ ಮಕ್ಕಳ ತಂದೆ ತಾಯಿಗಳು ಗಮನಿಸಬೇಕು. ಮೇಲೆ ಹೇಳಿದ್ದೆಲ್ಲ ಕಾಯಿಲೆ ಬಾರದಂತೆ ತಡೆಯುವ ಮಾತು. ಬಂದದ್ದನ್ನು ಮಣ್ಣಾಗಲೀ ಕೊಟ್ಟಿಗೆಯಾಗಲೀ ವಾಸಿ ಮಾಡುವುದಿಲ್ಲ. ದೂಳು ಒಗ್ಗದ ಮಗುವಿಗೆ ಹುಲ್ಲಿನ ಬಣವೆಯ ದೂಳೇ ಉಬ್ಬಸ ಕೆರಳಿಸಬಹುದು. ವೈದ್ಯರು ಕೊಟ್ಟಿರುವ ಇನ್‌ಹೇಲರ್ ನಿಲ್ಲಿಸಬೇಡಿ. ರಜೆಯಲ್ಲಿ ಊರಿಗೆ ಹೊರಟಾಗ ಅದನ್ನು ಮರೆಯದೆ ಚೀಲಕ್ಕೆ ಹಾಕಿಕೊಳ್ಳಿ.